ಸಕಲೇಶಪುರದ ಮಳೆಗೆ ಫಿನ್ಲೆಂಡಿನ ಥರ್ಮೋವುಡ್ ತಡೆಯುತ್ತದಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಜೊತೆಗೆ ಹೋಮ್‌ಸ್ಟೇ. ಎರಡು ಕಡೆ ಮರದ ಡೆಕ್ ಮಾಡಿಸಬೇಕು. ಒಂದು ಇಳಿಜಾರಿನ ಕಡೆ, ಕಬ್ಬಿಣದ ಕಂಬಗಳ ಮೇಲೆ. ಇನ್ನೊಂದು ಹಿಂದಿನ ಅಂಗಳದಲ್ಲಿ, ನೆಲಮಟ್ಟಕ್ಕೆ. ಬೆಂಗಳೂರಿನ ಡೀಲರ್ ಒಬ್ಬರು ಫಿನ್ಲೆಂಡಿನಿಂದ ಬರುವ, ಶಾಖ ಕೊಟ್ಟು ಹದ ಮಾಡಿದ ಥರ್ಮೋವುಡ್ ಪೈನ್ ಹಲಗೆ ತೋರಿಸಿದರು. "ಕೆಮಿಕಲ್ ಇಲ್ಲ, ಪರಿಸರಸ್ನೇಹಿ, ಗೆದ್ದಲು ಹತ್ತಲ್ಲ, 30 ವರ್ಷ ತಿರುಗಿ ನೋಡಬೇಕಿಲ್ಲ" ಅಂದರು. ನಮ್ಮ ಆಚಾರ್ರು "ಪೈನ್ ಇಲ್ಲಿ ಎರಡು ಮಳೆಗಾಲ ತಡೆಯಲ್ಲ, ಹೊನ್ನೆ ಹಾಕಿ" ಅನ್ನುತ್ತಾರೆ. ಮಗ ಡಬ್ಲ್ಯೂಪಿಸಿ (ಪ್ಲಾಸ್ಟಿಕ್ ಬೆರೆತ ಹಲಗೆ) ಸಾಕು ಅನ್ನುತ್ತಾನೆ. ಯಾರ ಮಾತು ಕೇಳಬೇಕು? ಹಲಗೆ ಮಿಕ್ಕರೆ ಅದರಲ್ಲೇ ಒಂದು ಜೋಕಾಲಿ ಮಾಡಿಸಬಹುದಾ?

ಉತ್ತರ: ಇಳಿಜಾರಿನ ಡೆಕ್‌ಗೆ ಥರ್ಮೋವುಡ್ ಹಾಕಿಸಿ. ಅಂಗಳಕ್ಕೆ ಬೇಡ, ಅಲ್ಲಿ ಕಲ್ಲು ಹಾಸಿ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ದುಡ್ಡು ಜಾಸ್ತಿ ಹೋಗುವ ಕೆಲಸ ಇದು. ತಪ್ಪು ಜಾಗದಲ್ಲಿ ಹಾಕಿದರೆ ದುಡ್ಡೂ ಹೋಗುತ್ತದೆ, ಮರವೂ ಹೋಗುತ್ತದೆ.

ಡೀಲರ್ ಹೇಳಿದ್ದರಲ್ಲಿ "ಕೆಮಿಕಲ್ ಇಲ್ಲ" ಅನ್ನುವುದು ಸರಿ. "ಗೆದ್ದಲು ಹತ್ತಲ್ಲ" ಅನ್ನುವುದು ತಪ್ಪು. ನಿಮ್ಮ ಊರಿನ ಮಟ್ಟಿಗೆ ಇದು ಸಣ್ಣ ತಪ್ಪಲ್ಲ.

ಮೊದಲು ಈ ಮರಕ್ಕೆ ಏನು ಮಾಡಿರುತ್ತಾರೆ ನೋಡೋಣ. ಪೈನ್ ಅಥವಾ ಸ್ಪ್ರೂಸ್ ಹಲಗೆಗಳನ್ನು ದೊಡ್ಡ ಉಕ್ಕಿನ ಗೂಡಿನೊಳಗೆ ಜೋಡಿಸಿ ಬಾಗಿಲು ಭದ್ರ ಮಾಡುತ್ತಾರೆ. ಶಾಖವನ್ನು ಮೊದಲು 100 ಡಿಗ್ರಿಗೆ, ನಿಧಾನಕ್ಕೆ 130 ಡಿಗ್ರಿಗೆ ಏರಿಸುತ್ತಾರೆ. ಅಷ್ಟರಲ್ಲಿ ಮರದ ನೀರು ಹೆಚ್ಚುಕಡಿಮೆ ಪೂರ್ತಿ ಹೋಗಿರುತ್ತದೆ. ಆಮೇಲೆ 185ರಿಂದ 215 ಡಿಗ್ರಿಯ ನಡುವೆ ಎರಡು ಮೂರು ಗಂಟೆ ಇಡುತ್ತಾರೆ. ಗೂಡಿನ ತುಂಬ ಹಬೆ ಇರುತ್ತದೆ. ಆಮ್ಲಜನಕ ಒಳಗೆ ಬಂದರೆ ಮರ ಹೊತ್ತಿಕೊಳ್ಳುತ್ತದೆ, ಅದಕ್ಕೇ ಆ ಹಬೆ. ಕೊನೆಗೆ ತಣ್ಣಗೆ ಮಾಡುತ್ತಾ ಒಂದಿಷ್ಟು ತೇವವನ್ನು ವಾಪಸ್ ಕೊಡುತ್ತಾರೆ, ಸುಮಾರು ಶೇ. 4ರಿಂದ 7ರಷ್ಟು. ಬಣ್ಣ ಇಲ್ಲ, ಔಷಧಿ ಇಲ್ಲ. ಶಾಖ ಮತ್ತು ಹಬೆ ಅಷ್ಟೇ.

ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ. ಹಸಿ ಬೀಜ ಹುರಿದಾಗ ಏನಾಗುತ್ತದೋ ಇಲ್ಲೂ ಹಾಗೆಯೇ. ತೂಕ ಇಳಿಯುತ್ತದೆ, ಬಣ್ಣ ಒಳಗಿನವರೆಗೂ ಕಂದಾಗುತ್ತದೆ, ವಾಸನೆ ಬದಲಾಗುತ್ತದೆ, ಮುರಿಯುವ ಗುಣ ಬರುತ್ತದೆ. ಎಷ್ಟು ಹುರಿದರು ಅನ್ನುವುದರ ಮೇಲೆ ಗುಣ ನಿಂತಿದೆ. ಫಿನ್ಲೆಂಡಿನವರು ಇದಕ್ಕೆ ಎರಡು ದರ್ಜೆ ಇಟ್ಟಿದ್ದಾರೆ. ಪೈನ್, ಸ್ಪ್ರೂಸ್ ಜಾತಿಗೆ ಸುಮಾರು 190 ಡಿಗ್ರಿಯಲ್ಲಿ ಮಾಡಿದ್ದು ಥರ್ಮೋ-ಎಸ್. ಸುಮಾರು 212 ಡಿಗ್ರಿಯಲ್ಲಿ ಮಾಡಿದ್ದು ಥರ್ಮೋ-ಡಿ. ಮೊದಲನೆಯದು ಕಿಟಕಿ ಬಾಗಿಲು, ಒಳಾಂಗಣ, ಪೀಠೋಪಕರಣಕ್ಕೆ. ಮಳೆಗೆ ಒಡ್ಡುವ ಡೆಕ್‌ಗೆ ಎರಡನೆಯದೇ ಬೇಕು. ಡೀಲರ್ ತೋರಿಸಿದ ಹಲಗೆ ಯಾವ ದರ್ಜೆಯದು ಎಂದು ನಿಮ್ಮ ಪತ್ರದಲ್ಲಿ ಇಲ್ಲ. ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಒಳಗೆ ನಡೆಯುವುದು ಇಷ್ಟು. ಮರದಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಅಂತ ಮೂರು ಮುಖ್ಯ ಪದಾರ್ಥಗಳಿವೆ. ಶಾಖಕ್ಕೆ ಮೊದಲು ಸೋಲುವುದು ಹೆಮಿಸೆಲ್ಯುಲೋಸ್. ಇದು ಸಕ್ಕರೆ ಅಣುಗಳ ಚಿಕ್ಕ ಚಿಕ್ಕ ಸರಪಳಿ. ನೀರನ್ನು ಜಾಸ್ತಿ ಹಿಡಿದಿಡುವುದೂ ಇದೇ, ಶಿಲೀಂಧ್ರಕ್ಕೆ ಸುಲಭದ ಊಟ ಆಗುವುದೂ ಇದೇ. ಇದು ಒಡೆದಾಗ ಅಸೆಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಹುಳಿ, ಹೊರಬರುತ್ತದೆ. ಆ ಹುಳಿ ಮಿಕ್ಕಿದ್ದನ್ನು ಇನ್ನೂ ಬೇಗ ಒಡೆಯುತ್ತದೆ. ಲಿಗ್ನಿನ್ ಮಾತ್ರ ಒಂದಕ್ಕೊಂದು ಇನ್ನಷ್ಟು ಗಟ್ಟಿಯಾಗಿ ಹೆಣೆದುಕೊಳ್ಳುತ್ತದೆ. ಕೊನೆಗೆ ಉಳಿಯುವುದು ಗಾಳಿಯ ತೇವವನ್ನು ಅಷ್ಟಾಗಿ ಕುಡಿಯದ ಮರ. ಥರ್ಮೋ-ಡಿ ಹಲಗೆ ಹಿಡಿಯುವ ತೇವ ಮಾಮೂಲಿ ಪೈನ್‌ಗಿಂತ ಸುಮಾರು ಅರ್ಧ. ಉಬ್ಬುವುದು, ಕುಗ್ಗುವುದು ಕೂಡ ಶೇ. 40ರಿಂದ 50ರಷ್ಟು ಕಡಿಮೆ. ಜುಲೈನಲ್ಲಿ ನಿಮ್ಮ ಕಿಟಕಿಗಳು ಉಬ್ಬಿ ಮುಚ್ಚಲಾಗದೆ ಸತಾಯಿಸುತ್ತವಲ್ಲ, ಆ ಕಾಟ ಇದರಲ್ಲಿ ಬಹಳ ಕಡಿಮೆ.

ಬೇಲಿ ಗೂಟದ ಬುಡ ಸುಟ್ಟು ನೆಡುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಹೊರಗಿನ ಪದರ ಮಾತ್ರ ಇದ್ದಿಲಾಗುತ್ತದೆ, ಒಳಗಿನ ಮರ ಹಾಗೆಯೇ ಇರುತ್ತದೆ. ಇಲ್ಲಿ ಹಲಗೆ ಕುಯ್ದರೂ ನಡುಮಧ್ಯದವರೆಗೆ ಒಂದೇ ಗುಣ.

ವಿದ್ಯೆ ಹೊಸದಲ್ಲ. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಸರ್ಕಾರಿ ಮರ ಪ್ರಯೋಗಾಲಯದಲ್ಲಿ ಆಲ್ಫ್ರೆಡ್ ಸ್ಟಾಮ್ ಮತ್ತು ಜೊತೆಗಾರರು 1930, 40ರ ದಶಕದಲ್ಲೇ ಇದನ್ನು ಮಾಡಿ ನೋಡಿದ್ದರು. 1946ರಲ್ಲಿ ಕರಗಿಸಿದ ಲೋಹದಡಿ ಮರ ಮುಳುಗಿಸಿ ಕಾಯಿಸಿದ ಪ್ರಯೋಗದ ವರದಿಯೂ ಬಂತು. ಉಬ್ಬುವುದು ಕಡಿಮೆಯಾಯಿತು, ಆದರೆ ಶಕ್ತಿಯೂ ಇಳಿಯಿತು. ಅಲ್ಲಿಗೆ ವ್ಯಾಪಾರ ಆಗಲಿಲ್ಲ. 1990ರ ದಶಕದಲ್ಲಿ ಫಿನ್ಲೆಂಡಿನ ಸರ್ಕಾರಿ ಸಂಶೋಧನಾ ಕೇಂದ್ರ ವಿಟಿಟಿ ಹಬೆಯ ವಿಧಾನವನ್ನು ಕಾರ್ಖಾನೆಗೆ ಒಗ್ಗಿಸಿತು. 2000ದಲ್ಲಿ ತಯಾರಕರು ಸಂಘ ಕಟ್ಟಿಕೊಂಡರು. ಥರ್ಮೋವುಡ್ ಅನ್ನುವುದು ಆ ಸಂಘದ ಟ್ರೇಡ್‌ಮಾರ್ಕ್. ಫ್ರಾನ್ಸಿನವರು ನೈಟ್ರೋಜನ್‌ನಲ್ಲಿ, ಜರ್ಮನಿಯವರು ಬಿಸಿ ಎಣ್ಣೆಯಲ್ಲಿ, ನೆದರ್ಲೆಂಡ್ಸ್‌ನವರು ಎರಡು ಹಂತದಲ್ಲಿ ಮಾಡುವ ಬೇರೆ ವಿಧಾನಗಳನ್ನೂ ತಂದರು. ನಮ್ಮ ಕಡೆ ಅಂಗಡಿಗಳಲ್ಲಿ ಕಂದು ಬಣ್ಣದ ಹಲಗೆಗೆಲ್ಲ "ಥರ್ಮೋ" ಅನ್ನುವ ಅಭ್ಯಾಸ ಬಂದುಬಿಟ್ಟಿದೆ. ಸುಮ್ನೆ ಬಣ್ಣ ಹಚ್ಚಿದ ಪೈನ್ ಕೂಡ ಆ ಹೆಸರಿನಲ್ಲಿ ಮಾರಾಟ ಆದೀತು. ಸ್ಯಾಂಪಲ್ ತುಂಡನ್ನು ಅಡ್ಡಕ್ಕೆ ಕುಯ್ಸಿ ನೋಡಿ. ಒಳಗೆ ಬಿಳಿ ಕಂಡರೆ ನಮಸ್ಕಾರ ಹೇಳಿ ಹೊರಟುಬಿಡಿ.

ಈಗ ಮಳೆಯ ವಿಷಯ. ಮರ ಲಡ್ಡಾಗುವುದು ನೀರಿನಿಂದಲ್ಲ, ಶಿಲೀಂಧ್ರದಿಂದ. ಶಿಲೀಂಧ್ರಕ್ಕೆ ತೇವವೂ ಬೇಕು, ಬೆಚ್ಚಗೂ ಇರಬೇಕು. ಫಿನ್ಲೆಂಡಿನಲ್ಲಿ ವರ್ಷದ ಹಲವು ತಿಂಗಳು ಮರ ಹಿಮದ ಚಳಿಯಲ್ಲಿ ಇರುತ್ತದೆ. ಶಿಲೀಂಧ್ರಕ್ಕೆ ರಜೆ. ನಿಮ್ಮಲ್ಲಿ ಮಳೆಗಾಲ ತಣ್ಣಗೆ ಅನ್ನಿಸಿದರೂ 20 ಡಿಗ್ರಿ ಆಸುಪಾಸು ಇದ್ದೇ ಇರುತ್ತದೆ. ಇದನ್ನು ಅಳೆಯಲು ಶೆಫರ್ ಎಂಬ ಅಮೆರಿಕದ ವಿಜ್ಞಾನಿ 1971ರಲ್ಲಿ ಒಂದು ಸುಲಭದ ಲೆಕ್ಕ ಕೊಟ್ಟರು. ತಿಂಗಳ ಸರಾಸರಿ ಉಷ್ಣಾಂಶದಲ್ಲಿ 2 ಕಳೆಯಿರಿ. ಆ ತಿಂಗಳ ಮಳೆ ದಿನಗಳಲ್ಲಿ 3 ಕಳೆಯಿರಿ. ಎರಡನ್ನೂ ಗುಣಿಸಿ 16.7ರಿಂದ ಭಾಗಿಸಿ. ಹನ್ನೆರಡು ತಿಂಗಳದ್ದನ್ನೂ ಕೂಡಿಸಿ. ಒಟ್ಟು 35ಕ್ಕಿಂತ ಕಡಿಮೆ ಬಂದರೆ ನೆಲ ಮುಟ್ಟದ ಮರಕ್ಕೆ ಅಪಾಯ ಕಡಿಮೆ, 65 ದಾಟಿದರೆ ಜಾಸ್ತಿ.

ನಿಮ್ಮ ಕಡೆಗೆ ಒರಟಾಗಿ ಹಾಕಿ ನೋಡೋಣ. ಜೂನ್, ಜುಲೈ, ಆಗಸ್ಟ್‌ನಲ್ಲಿ ಸರಾಸರಿ 21 ಡಿಗ್ರಿ, ತಿಂಗಳಿಗೆ 25 ಮಳೆ ದಿನ ಅಂದುಕೊಳ್ಳಿ. 19 ಗುಣಿಸು 22, ಭಾಗಿಸು 16.7. ತಿಂಗಳಿಗೆ 25. ಆ ಮೂರು ತಿಂಗಳಿಗೇ 75 ಆಯಿತು, ಇಡೀ ವರ್ಷದ ಗಡಿ ದಾಟಿಯೇ ಬಿಟ್ಟಿತು. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಜುಲೈಗೆ 18 ಡಿಗ್ರಿ, 12 ಮಳೆ ದಿನ ಹಾಕಿದರೆ ಬರುವುದು 8.6. ಚಳಿಗಾಲದ ತಿಂಗಳುಗಳು ಸೊನ್ನೆ. ಡೀಲರ್ ಹೇಳಿದ 30 ವರ್ಷ ನಿಜವೇ ಇದ್ದರೂ ಅದು ಆ ಊರಿನ ವರ್ಷ. ಅದನ್ನು ಹಾಗೇ ತಂದು ಸಕಲೇಶಪುರಕ್ಕೆ ಅಂಟಿಸಬಾರದು.

ಹಾಗಂತ ಗಾಬರಿ ಬೇಡ. ಈ ಲೆಕ್ಕ ಹವಾಮಾನದ್ದು, ಮರದ್ದಲ್ಲ. ಶಾಖ ಕೊಟ್ಟ ಮರ ತೇವ ಕಡಿಮೆ ಹಿಡಿಯುತ್ತದೆ, ಶಿಲೀಂಧ್ರಕ್ಕೆ ಅದರಲ್ಲಿ ಸುಲಭದ ಊಟವೂ ಇಲ್ಲ. ಯುರೋಪಿನ ಬಾಳಿಕೆ ವರ್ಗಗಳಲ್ಲಿ 1 ಅತಿ ಗಟ್ಟಿ, 5 ಅತಿ ದುರ್ಬಲ. ಥರ್ಮೋ-ಡಿ ಪೈನ್ ಸಾಮಾನ್ಯವಾಗಿ 2ನೇ ವರ್ಗದಲ್ಲಿ ನಿಲ್ಲುತ್ತದೆ. ನಿಮ್ಮ ಆಚಾರ್ರು ಹೇಳಿದ್ದು ಶಾಖ ಕೊಡದ ಹಸಿ ಪೈನ್ ಬಗ್ಗೆ ಅಕ್ಷರಶಃ ಸರಿ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ನೋಡಿದವರಿಗೆ ಬೇರೆ ಅಭಿಪ್ರಾಯ ಬರುವುದು ಕಷ್ಟ. ಆದರೆ ಇದು ಆ ಪೈನ್ ಅಲ್ಲ. ಮಳೆ ನಿಂತ ಮೇಲೆ ಗಾಳಿ ಆಡಿ ಒಣಗುವ ಹಾಗೆ ಕೂರಿಸಿದರೆ ಒಳ್ಳೆಯ ಬಾಳಿಕೆ ಕೊಡುತ್ತದೆ. ನಿಮ್ಮ ಇಳಿಜಾರಿನ ಡೆಕ್‌ಗೆ ಕೆಳಗಿನಿಂದಲೂ ಗಾಳಿ ಇದೆ, ಅದಕ್ಕೇ ಅಲ್ಲಿಗೆ ಹೂಂ ಅಂದೆ. ಅಂಗಳದಲ್ಲಿ ಹಲಗೆಯ ಅಡಿ ಒದ್ದೆ ಮಣ್ಣು ಮತ್ತು ಕತ್ತಲು. ಮಣ್ಣು ಮುಟ್ಟುವ, ಅಥವಾ ಸದಾ ಒದ್ದೆ ಇರುವ ಜಾಗಕ್ಕೆ ಇದನ್ನು ತಯಾರಕರೇ ಶಿಫಾರಸು ಮಾಡುವುದಿಲ್ಲ.

ಗೆದ್ದಲಿಗೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು. ಫಿನ್ಲೆಂಡಿನ ಕಾಡಿನಲ್ಲಿ ಗೆದ್ದಲೇ ಇಲ್ಲ. ಅಲ್ಲಿ ಹುಟ್ಟಿದ ಈ ವಿಧಾನ ಕೊಳೆಯುವುದನ್ನು ತಡೆಯಲು, ಸೊಟ್ಟಾಗುವುದನ್ನು ತಡೆಯಲು ಹುಟ್ಟಿದ್ದು. ಬಾಳಿಕೆ ವರ್ಗ 2 ಅನ್ನುವುದು ಶಿಲೀಂಧ್ರದ ಪರೀಕ್ಷೆಯ ಅಂಕ. ಅದರಲ್ಲಿ ಗೆದ್ದಲಿನ ಮಾತೇ ಇಲ್ಲ. ಯುರೋಪಿನ ಅದೇ ಮಾನದಂಡದಲ್ಲಿ ಗೆದ್ದಲಿಗೆ ಬೇರೆಯೇ ಅಕ್ಷರಗಳಿವೆ: ತಡೆಯುವ ಮರಕ್ಕೆ ಡಿ, ಅರ್ಧಂಬರ್ಧಕ್ಕೆ ಎಂ, ತಡೆಯದಿದ್ದಕ್ಕೆ ಎಸ್. ಥರ್ಮೋ-ಡಿಯ ಡಿಗೂ ಈ ಡಿಗೂ ಸಂಬಂಧ ಇಲ್ಲ. ಯಾರಾದರೂ ಒಂದನ್ನು ತೋರಿಸಿ ಇನ್ನೊಂದು ಅಂದರೆ ಒಪ್ಪಬೇಡಿ.

ಶಾಖ ಕೊಟ್ಟ ಮೇಲೂ ಸೆಲ್ಯುಲೋಸ್ ಬಹುಪಾಲು ಹಾಗೇ ಉಳಿಯುತ್ತದೆ. ಗೆದ್ದಲಿಗೆ ಬೇಕಾದ್ದು ಅದೇ. ಪೈನ್ ಮರದ ಅಂಟು ಮಾತ್ರ ಶಾಖಕ್ಕೆ ಆವಿಯಾಗಿ ಹೋಗಿರುತ್ತದೆ, ಅಂದರೆ ಇದ್ದ ಚೂರುಪಾರು ಕಹಿಯೂ ಹೋಯಿತು. ಗೆದ್ದಲಿನ ಪರೀಕ್ಷೆಗಳಲ್ಲಿ ಶಾಖ ಕೊಟ್ಟ ಮರ ಹಸಿ ಮರಕ್ಕಿಂತ ಹೇಳಿಕೊಳ್ಳುವಷ್ಟು ಚೆನ್ನಾಗಿ ನಿಂತಿಲ್ಲ. ಕೆಲವು ಕಡೆ ಇನ್ನೂ ಬೇಗ ತಿನ್ನಿಸಿಕೊಂಡಿದ್ದೂ ಉಂಟು. ನಮ್ಮ ಹುತ್ತದ ಗೆದ್ದಲು ಇನ್ನೂ ಒಂದು ಕೈ ಮೇಲು. ತಿಂದ ಮರವನ್ನು ಹುತ್ತದೊಳಗೆ ಒಯ್ದು ಅದರ ಮೇಲೆ ಅಣಬೆ ಬೆಳೆಸಿ, ಆ ಅಣಬೆಯ ಸಹಾಯದಿಂದ ಜೀರ್ಣ ಮಾಡಿಕೊಳ್ಳುತ್ತದೆ. ಮಳೆ ಶುರುವಾದಾಗ ಹುತ್ತದ ಪಕ್ಕ ಏಳುವ ಅಣಬೆಯನ್ನು ನೀವು ಸಾರು ಮಾಡಿ ತಿಂದಿರುತ್ತೀರಿ, ಅಲ್ವಾ? ಅದೇ ಅಣಬೆ. ಇಂಥ ಏರ್ಪಾಡು ಇಟ್ಟುಕೊಂಡ ಹುಳಕ್ಕೆ ಫಿನ್ಲೆಂಡಿನ ಪೈನ್ ದೊಡ್ಡ ವಿಷಯವಲ್ಲ.

ಡೀಲರ್ ಮಾತು ನಂಬಲೂ ಬೇಡ, ನನ್ನ ಮಾತೂ ನಂಬಬೇಡಿ. ಒಂದು ಅಡಿ ಉದ್ದದ ಸ್ಯಾಂಪಲ್ ಕೇಳಿ ತನ್ನಿ. ಅಷ್ಟೇ ಉದ್ದದ ರಬ್ಬರ್ ಮರದ ತುಂಡು, ಒಂದು ಹೊನ್ನೆ ತುಂಡು ಜೊತೆಗಿರಲಿ. ತೋಟದಲ್ಲಿ ಗೆದ್ದಲು ಓಡಾಡುವ ಜಾಗ ನಿಮಗೆ ಗೊತ್ತಿರುತ್ತದೆ. ಮಳೆಗಾಲ ಮುಗಿದ ಮೇಲೆ ಮೂರನ್ನೂ ಅಲ್ಲಿ ಅರ್ಧ ಹೂತಿಡಿ. ಒಂದೆರಡು ತಿಂಗಳು ಬಿಟ್ಟು ತೆಗೆದು ನೋಡಿ. ರಬ್ಬರ್ ಮರಕ್ಕೆ ಗೆದ್ದಲು ಹತ್ತಿದ್ದರೆ ಮಾತ್ರ ಪರೀಕ್ಷೆ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಹತ್ತಿಲ್ಲ ಅಂದರೆ ಆ ಜಾಗದಲ್ಲಿ ಗೆದ್ದಲು ಬಂದೇ ಇಲ್ಲ ಅಂತ ಅರ್ಥ, ಜಾಗ ಬದಲಿಸಿ.

ಹಾಗಾದರೆ ಇಳಿಜಾರಿನ ಡೆಕ್‌ಗೆ ಗೆದ್ದಲು ಬರುವುದಿಲ್ಲವಾ? ಬರಬಹುದು. ಕಬ್ಬಿಣದ ಕಂಬದ ಮೇಲೂ ಮಣ್ಣಿನ ದಾರಿ ಕಟ್ಟಿಕೊಂಡು ಹತ್ತುತ್ತದೆ. ಆದರೆ ಅಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಕಂಬಗಳನ್ನು ನೆಲದಿಂದ ಒಂದು ಅಡಿಯಾದರೂ ಎದ್ದ ಕಾಂಕ್ರೀಟ್ ದಿಂಡಿನ ಮೇಲೆ ನಿಲ್ಲಿಸಿ. ದಿಂಡಿನ ಸುತ್ತ ಬಳ್ಳಿ, ಗಿಡ, ಒಣ ಎಲೆಯ ರಾಶಿ ಬೇಡ. ತಿಂಗಳಿಗೊಮ್ಮೆ ಕೆಳಗೆ ಹೋಗಿ ಟಾರ್ಚ್ ಬಿಟ್ಟು ನೋಡಿ, ಮಣ್ಣಿನ ದಾರಿ ಕಂಡರೆ ಕೆರೆದು ಹಾಕಿ. ಗೆದ್ದಲು ತಡೆಯುವ ಮಣ್ಣಿನ ಚಿಕಿತ್ಸೆಗೆ ಐಎಸ್ 6313 ಅಂತ ಭಾರತೀಯ ಮಾನದಂಡ ಇದೆ. ಪಾಯ ತೋಡುವಾಗಲೇ ಅದರಂತೆ ಮಾಡಿಸಿ, ಆದರೆ ಬಾವಿ ಅಥವಾ ಹಳ್ಳ ಹತ್ತಿರ ಇದ್ದರೆ ಔಷಧಿ ಹೊಡೆಸುವ ಮುಂಚೆ ನೂರು ಸಲ ಯೋಚಿಸಿ.

ಎಲ್ಲರೂ ಮರೆಯುವ ವಿಷಯ ಒಂದಿದೆ. ಗಾರೆಯವರು ಸೆಂಟ್ರಿಂಗ್ ಮರದ ತುಂಡುಗಳನ್ನು ಮಣ್ಣಿನಲ್ಲೇ ಮುಚ್ಚಿ ಹೋಗುತ್ತಾರೆ. ಹಳೆಯ ಸಿಲ್ವರ್ ಓಕ್ ಬುಡಗಳೂ ಹಾಗೆಯೇ ಉಳಿದಿರುತ್ತವೆ. ಡೆಕ್ ಕೆಳಗೆ ಇಂಥವು ಇದ್ದರೆ ಗೆದ್ದಲಿಗೆ ನೀವೇ ಮನೆ ಕಟ್ಟಿಕೊಟ್ಟಂತೆ. ಒಂದನ್ನೂ ಬಿಡದೆ ಕೀಳಿಸಿ. ಬೋರಾನ್ ಔಷಧಿ ಬಳಿದರೆ ಸಾಕು ಅನ್ನುವವರೂ ಸಿಗುತ್ತಾರೆ. ಒಳಾಂಗಣಕ್ಕೆ ಅದು ಒಳ್ಳೆಯದೇ. ಆದರೆ ಬೋರಾನ್ ನೀರಿನಲ್ಲಿ ಕರಗುತ್ತದೆ. ನಿಮ್ಮ ಜುಲೈ ಮಳೆಗೆ ಅದು ಹೊಳೆ ಸೇರುತ್ತದೆ.

ಕೂರಿಸುವ ಕೆಲಸದಲ್ಲಿ ಆಚಾರ್ರ ಜೊತೆ ಕೂತು ಮಾತಾಡಲೇಬೇಕಾದ ಕೆಲವು ಸಂಗತಿಗಳಿವೆ. ಈ ಮರ ಬೇಗ ಸೀಳುತ್ತದೆ. ತೇಗಕ್ಕೆ ಹೊಡೆದ ಹಾಗೆ ಮೊಳೆ ಹೊಡೆದರೆ ತುದಿಗಳೆಲ್ಲ ಬಿರುಕು. ಪ್ರತಿ ಸ್ಕ್ರೂಗೂ ಮೊದಲು ಡ್ರಿಲ್ ಮಾಡಿ ತೂತು ತೆಗೆಯಬೇಕು. ಸ್ಕ್ರೂ ಸ್ಟೇನ್‌ಲೆಸ್ ಆಗಿರಬೇಕು. ಕಾಯಿಸುವಾಗ ಹುಳಿ ಬರುತ್ತದೆ ಅಂದೆನಲ್ಲ, ಅದು ಒಂದಿಷ್ಟು ಮರದಲ್ಲೇ ಉಳಿದಿರುತ್ತದೆ. ಮಾಮೂಲಿ ಕಬ್ಬಿಣದ ಸ್ಕ್ರೂ ಅದಕ್ಕೆ ತುಕ್ಕು ಹಿಡಿದು ಹಲಗೆ ಮೇಲೆ ಕಪ್ಪು ಕಲೆ ಇಳಿಸುತ್ತದೆ. ನಿಮಗೆ 304 ದರ್ಜೆ ಸಾಕು. ಮಂಗಳೂರು, ಉಡುಪಿ ಕಡೆ ಸಮುದ್ರದ ಹತ್ತಿರ ಆಗಿದ್ದರೆ 316 ಹೇಳುತ್ತಿದ್ದೆ.

ಶಕ್ತಿಯ ವಿಷಯ ಇನ್ನೂ ಮುಖ್ಯ. ಹೆಚ್ಚು ಶಾಖ ಕೊಟ್ಟಷ್ಟೂ ಬಾಗುವ ಶಕ್ತಿ ಇಳಿಯುತ್ತದೆ, ಶೇ. 30ರವರೆಗೂ ಇಳಿಯಬಹುದು. ಹಾಗಾಗಿ ಭಾರ ಹೊರುವ ಜಂತಿ, ತೊಲೆ, ಕಂಬಕ್ಕೆ ಇದನ್ನು ಬಳಸುವಂತಿಲ್ಲ. ತುಳಿಯುವ ಹಲಗೆಗೆ ಮಾತ್ರ. ಅಡಿಯ ಫ್ರೇಮು ಜಿಐ ಪೈಪಿನದ್ದಿರಲಿ, ವೆಲ್ಡಿಂಗ್ ಆದ ಜಾಗಕ್ಕೆ ಸತುವಿನ ಪ್ರೈಮರ್ ಹಚ್ಚಿಸಿ. 26 ಮಿಲಿಮೀಟರ್ ದಪ್ಪದ ಹಲಗೆಗೆ ಮನೆ ಬಳಕೆಯಲ್ಲಿ ಪೈಪುಗಳ ನಡುವೆ 400 ಮಿಲಿಮೀಟರ್ ಅಂತರ ನಡೆಯುತ್ತದೆ. ನಿಮ್ಮದು ಹೋಮ್‌ಸ್ಟೇ. ಕ್ಯಾಂಪ್‌ಫೈರ್ ಮುಗಿಸಿ ಬಂದ ಗುಂಪು ಡೆಕ್ ಮೇಲೆ ಕುಣಿಯುವುದಿಲ್ಲ ಅಂತ ಹೇಳಲಾಗದು. 300ಕ್ಕೆ ಹಾಕಿಸಿ. ಫ್ರೇಮಿನ ಲೆಕ್ಕವನ್ನು ಎಂಜಿನಿಯರ್ ಕೈಯಲ್ಲಿ ಮಾಡಿಸಿ, ಫ್ಯಾಬ್ರಿಕೇಷನ್‌ನವರ ಅಂದಾಜು ಸಾಲದು.

ಹಲಗೆ ಹಲಗೆ ನಡುವೆ 5, 6 ಮಿಲಿಮೀಟರ್ ಸಂದು ಇರಲಿ. ಗೋಡೆ ಹತ್ತಿರವೂ ಬೆರಳು ತೂರುವಷ್ಟು ಬಿಡಿ. ಗೋಡೆಗೆ ತಾಗಿದ ಹಲಗೆ ಗೆದ್ದಲಿಗೂ ದಾರಿ, ನೀರಿಗೂ ದಾರಿ. ಹಲಗೆಯ ತುದಿ ನೋಡಿದಾಗ ಉಂಗುರದ ಗೆರೆಗಳು ಕಾಣುತ್ತವೆ. ಮರದ ತೊಗಟೆಯ ಕಡೆಗಿದ್ದ ಮುಖ ಮೇಲೆ ಬರಬೇಕು. ತಿರುಳಿನ ಕಡೆ ಮೇಲೆ ಬಂದರೆ ಕೆಲವು ವರ್ಷದಲ್ಲಿ ಉಂಗುರದ ಪದರ ಎದ್ದು ಬರಿಗಾಲಿಗೆ ಸಿಬಿರು ಹೊಡೆಯುತ್ತದೆ. ಇನ್ನು ತುದಿಗಳು. ಅಲ್ಲಿ ಮರದ ನಾಳಗಳು ತೆರೆದಿರುತ್ತವೆ. ಪೈನ್‌ನ ಹೊರಭಾಗ ಆ ದಾರಿಯಲ್ಲಿ ಮಳೆ ನೀರನ್ನು ಚೆನ್ನಾಗಿಯೇ ಎಳೆದುಕೊಳ್ಳುತ್ತದೆ, ಶಾಖ ಕೊಟ್ಟಿದ್ದರೂ. ಕುಯ್ದ ಪ್ರತಿ ತುದಿಗೂ ಎರಡು ಸಲ ಎಣ್ಣೆ ಅಥವಾ ಮೇಣದ ಸೀಲರ್ ಹಚ್ಚಬೇಕು. ಕುಯ್ಯುವವರಿಗೆ ಮಾಸ್ಕ್ ಕೊಡಿ. ಇದರ ಹೊಟ್ಟು ತುಂಬ ಒಣ, ತುಂಬ ನಯ. ನೇರ ಎದೆಗೆ ಹೋಗುತ್ತದೆ.

"ತಿರುಗಿ ನೋಡಬೇಕಿಲ್ಲ" ಅನ್ನುವ ಮಾತಿಗೆ ಬಂದರೆ, ಈಗ ಕಾಣುವ ಆ ಚಂದದ ಕಂದು ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಹಾಗೇ ಬಿಟ್ಟರೆ ಬೆಳ್ಳಿ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ಕೆಟ್ಟಿತು ಅಂತಲ್ಲ, ಮೇಲ್ಪದರದ ಬಣ್ಣ ಅಷ್ಟೇ. ಕಂದೇ ಬೇಕು ಅಂದರೆ ಬಣ್ಣದ ಕಣ ಇರುವ, ಬಿಸಿಲು ತಡೆಯುವ ಯುವಿ ಎಣ್ಣೆಯನ್ನು ವರ್ಷಕ್ಕೊಮ್ಮೆ, ಮಳೆ ಮುಗಿದು ಮರ ಚೆನ್ನಾಗಿ ಒಣಗಿದ ಮೇಲೆ ಹಚ್ಚಬೇಕು. ಬಣ್ಣವಿಲ್ಲದ ಎಣ್ಣೆ ಬಿಸಿಲಿಗೆ ಹೆಚ್ಚು ಸಹಾಯ ಮಾಡುವುದಿಲ್ಲ.

ಬೂದು ಬಣ್ಣಕ್ಕಿಂತ ನನಗೆ ಚಿಂತೆ ಪಾಚಿಯದ್ದು. ಮಲೆನಾಡಿನ ಮಳೆಗಾಲದಲ್ಲಿ ಯಾವ ಡೆಕ್ ಆದರೂ ಪಾಚಿ ಕಟ್ಟುತ್ತದೆ. ಥರ್ಮೋವುಡ್ ಕೂಡ ಬಿಟ್ಟಿಲ್ಲ. ಗೀರು ಹಾಕಿದ ಹಲಗೆ ಜಾರುವುದಿಲ್ಲ ಅಂತ ಮಾರುತ್ತಾರೆ. ಆ ಗೀರಿನಲ್ಲೇ ಮಣ್ಣು ಕೂತು ಪಾಚಿ ಬೆಳೆಯುತ್ತದೆ. ನಾನಾದರೆ ನಯವಾದ ಹಲಗೆ ಹಾಕಿಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಗಟ್ಟಿ ಬ್ರಷ್ಷಿನಿಂದ ಮರದ ಎಳೆಯ ಉದ್ದಕ್ಕೆ ಉಜ್ಜಿಸುತ್ತೇನೆ. ವಾಹನ ತೊಳೆಯುವ ಜೆಟ್ ಬೇಡ, ಮೇಲ್ಪದರ ಕಿತ್ತು ಬರುತ್ತದೆ. ಅತಿಥಿಗಳು ಜಾರಿ ಬೀಳದಂತೆ ಮೆಟ್ಟಿಲ ಅಂಚಿಗೆ ಮರಳಿನ ಪಟ್ಟಿ ಅಂಟಿಸಿ.

ಇಷ್ಟು ಹೇಳಿದ ಮೇಲೆ ಪರಿಸರದ ಪ್ರಶ್ನೆ. ಹಲಗೆಗೆ ಹೊರಗಿನಿಂದ ಏನೂ ಸೇರಿಸಿಲ್ಲ ಅನ್ನುವುದು ದೊಡ್ಡ ಗುಣವೇ. ಹಿಂದೆ ಹೊರಾಂಗಣದ ಪೈನ್‌ಗೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಔಷಧಿ ಕುಡಿಸುತ್ತಿದ್ದರು. ಅಮೆರಿಕದಲ್ಲಿ ಮನೆ ಬಳಕೆಗೆ ಅದನ್ನು 2003ರ ಕೊನೆಗೆ ನಿಲ್ಲಿಸಿದರು. ಇನ್ನೊಂದು ಕಡೆ, ಡೆಕ್‌ಗೆ ಹೆಸರಾದ ದಕ್ಷಿಣ ಅಮೆರಿಕದ ಇಪೆ ಮತ್ತು ಕುಮಾರು ಮರಗಳನ್ನು 2022ರಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದ) ಸಭೆ ರಕ್ಷಿತ ಪಟ್ಟಿಗೆ ಸೇರಿಸಿತು. 2024ರ ನವೆಂಬರ್‌ನಿಂದ ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಬರ್ಮಾ ತೇಗದ ಹಿಂದೆ 2021ರಲ್ಲಿ ಅಲ್ಲಿನ ಸೇನೆ ಅಧಿಕಾರ ಕಿತ್ತುಕೊಂಡ ಕಥೆ ಇದೆ. ಇವುಗಳ ಎದುರು, ನೆಟ್ಟು ಬೆಳೆಸುವ, ಜವಾಬ್ದಾರಿಯಿಂದ ನೋಡಿಕೊಂಡ ಕಾಡು ಅನ್ನುವ ಪಿಇಎಫ್‌ಸಿ ಅಥವಾ ಎಫ್‌ಎಸ್‌ಸಿ ಪ್ರಮಾಣಪತ್ರ ಇರುವ ಕಾಡಿನ ಪೈನ್ ಎಷ್ಟೋ ವಾಸಿ.

ಆದರೆ "ಕೆಮಿಕಲ್ ಇಲ್ಲ" ಅಂದರೆ ಯಾವ ಕೊಳೆಯೂ ಇಲ್ಲ ಅಂತಲ್ಲ. ಗೂಡಿನಿಂದ ಬರುವ ಹಬೆ ತಣಿದ ನೀರಿನಲ್ಲಿ ಅಸೆಟಿಕ್, ಫಾರ್ಮಿಕ್ ಆಮ್ಲ, ಫರ್ಫ್ಯೂರಲ್ ಇರುತ್ತವೆ. ಕಾರ್ಖಾನೆ ಅದನ್ನು ಶುದ್ಧ ಮಾಡಿಯೇ ಬಿಡಬೇಕು. ಕಾಯಿಸಲು ಶಕ್ತಿ ಬೇಕು. ಆ ಮೇಲೆ ಹಲಗೆ ಹತ್ತು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಹಡಗಿನಲ್ಲಿ ಬಂದು, ಲಾರಿ ಹತ್ತಿ ನಿಮ್ಮ ತೋಟಕ್ಕೆ ಬರಬೇಕು. ಇತ್ತ ಕಡೆ, 400 ಕಿಲೋ ತೂಗುವ ಒಂದು ಘನ ಮೀಟರ್ ಒಣ ಪೈನ್‌ನಲ್ಲಿ ಅರ್ಧದಷ್ಟು, ಅಂದರೆ 200 ಕಿಲೋ ಇಂಗಾಲ ಇರುತ್ತದೆ. ಗಾಳಿಯಿಂದ ತೆಗೆದ ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ ಅದು ಸುಮಾರು 730 ಕಿಲೋ. ಹಲಗೆ ನಿಮ್ಮ ಡೆಕ್‌ನಲ್ಲಿ ಇರುವಷ್ಟು ದಿನ ಅದು ಅಲ್ಲೇ ಇರುತ್ತದೆ. 20 ವರ್ಷ ಇದ್ದರೆ ಲಾಭ. ಆರು ವರ್ಷಕ್ಕೆ ಗೆದ್ದಲು ತಿಂದು ಮತ್ತೊಂದು ಕಂಟೇನರ್ ತರಿಸಬೇಕಾದರೆ ಪ್ರಮಾಣಪತ್ರ ಎಷ್ಟು ಹಸಿರಾಗಿದ್ದರೂ ಅದು ಹಸಿರಲ್ಲ. ಅಂಗಳಕ್ಕೆ ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ.

ಮಗನ ಡಬ್ಲ್ಯೂಪಿಸಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೆದ್ದಲಿನ ವಿಷಯದಲ್ಲಿ ಅದು ಮುಂದೆ. ಆದರೆ ಅದು ಪ್ಲಾಸ್ಟಿಕ್ ಮತ್ತು ಮರದ ಹುಡಿಯ ಮಿಶ್ರಣ. ಬಿಸಿಲಿಗೆ ಉದ್ದಕ್ಕೆ ಹಿಗ್ಗುತ್ತದೆ, ಬರಿಗಾಲಿಗೆ ಸುಡುತ್ತದೆ. ಬಾಳಿಕೆ ಮುಗಿದ ಮೇಲೆ ಸುಡುವಂತೆಯೂ ಇಲ್ಲ, ಗೊಬ್ಬರ ಮಾಡುವಂತೆಯೂ ಇಲ್ಲ. ಹುಡುಗನಿಗೆ ಬೇಜಾರಾಗದಂತೆ ಹೇಳಿ.

ಆಚಾರ್ರ ಹೊನ್ನೆಯನ್ನು ಮಾತ್ರ ತಳ್ಳಿಹಾಕಬೇಡಿ. ಹೊನ್ನೆಯ ಚೇಗು, ಅಂದರೆ ಒಳಗಿನ ಗಾಢ ಬಣ್ಣದ ಗಟ್ಟಿ ಭಾಗ, ಮಳೆಯನ್ನೂ ಗೆದ್ದಲನ್ನೂ ಚೆನ್ನಾಗಿ ತಡೆಯುತ್ತದೆ. ಅಂಗಡಿಯಲ್ಲಿ ಸಿಗುವ ಹೊನ್ನೆ ಎಲ್ಲಿಂದ ಬಂತು ಅನ್ನುವುದಕ್ಕೆ ಕಾಗದ ಇಲ್ಲದಿದ್ದರೆ ಮುಟ್ಟಬೇಡಿ. ಆದರೆ ನಿಮ್ಮದೇ ತೋಟದಲ್ಲಿ ಗಾಳಿಗೆ ಬಿದ್ದ ಮರ ಇದ್ದು, ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿದ್ದರೆ, ಇಲ್ಲವೇ ಯಾರಾದರೂ ಹಳೆಯ ಮನೆ ಕೆಡವಿ ತೊಲೆ ಹಲಗೆ ಮಾರುತ್ತಿದ್ದರೆ, ಫಿನ್ಲೆಂಡಿನದ್ದನ್ನು ಬಿಟ್ಟು ಅದನ್ನೇ ತೆಗೆದುಕೊಳ್ಳಿ. ಅದಕ್ಕಿಂತ ಹಸಿರು ಮರ ಇಲ್ಲ. ಹೊನ್ನೆ ಆಗಲಿ ತೇಗ ಆಗಲಿ, ಚೇಗು ಮಾತ್ರ ಬಾಳುತ್ತದೆ. ಹದಿನೈದು ಇಪ್ಪತ್ತು ವರ್ಷದ ಪ್ಲಾಂಟೇಷನ್ ತೇಗದಲ್ಲಿ ಬೆಳ್ಳಗಿನ ಹೊರಭಾಗವೇ ಜಾಸ್ತಿ, ಗೆದ್ದಲು ಅದನ್ನೂ ಬಿಡುವುದಿಲ್ಲ.

ನಿಮ್ಮ ತೋಟದ ಸಿಲ್ವರ್ ಓಕ್ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ರಬ್ಬರ್ ಮರ, ಸಿಲ್ವರ್ ಓಕ್ ಎರಡಕ್ಕೂ ಹೀಗೇ ಶಾಖ ಕೊಟ್ಟು ಅಧ್ಯಯನ ಮಾಡಿದ್ದಾರೆ. ಉಬ್ಬುವುದು ಕಡಿಮೆಯಾಗುತ್ತದೆ, ಬಣ್ಣ ಗಾಢವಾಗುತ್ತದೆ. ಶಕ್ತಿ ಇಳಿಯುವುದು ಇಲ್ಲೂ ತಪ್ಪಿದ್ದಲ್ಲ. ಕಾಫಿ ನೆರಳಿಗೆ ಬೆಳೆದು ಪ್ಲೈವುಡ್ಡಿಗೆ ಹೋಗುವ ಮರಕ್ಕೆ ಇದು ಒಳ್ಳೆಯ ದಾರಿ ಅನ್ನುವುದು ನನ್ನ ಅಭಿಪ್ರಾಯ. ಡೆಕ್‌ಗಿಂತ ಒಳಗಿನ ನೆಲ, ಕಿಟಕಿ, ಪೀಠೋಪಕರಣಕ್ಕೆ ಮೊದಲು ಬರಲಿ. ಗೆದ್ದಲಿನ ಪ್ರಶ್ನೆ ಅಲ್ಲೂ ಇದ್ದೇ ಇದೆ.

ಡೀಲರ್ ಹತ್ತಿರ ಹೋದಾಗ ಬಿಲ್ಲಿನ ಮೇಲೆ ಈ ಮಾತುಗಳನ್ನು ಬರೆಸಿಕೊಳ್ಳಿ: ಥರ್ಮೋ-ಡಿ ದರ್ಜೆ, ಮರದ ಜಾತಿ, ತಯಾರಕರ ಹೆಸರು, ಪ್ರಮಾಣಪತ್ರದ ಸಂಖ್ಯೆ. ಗೆದ್ದಲು ಹತ್ತಲ್ಲ ಅನ್ನುವುದನ್ನೂ ಬರೆದು ಸಹಿ ಹಾಕಿ ಅನ್ನಿ. ಹಾಕಿದರೆ ಒಳ್ಳೆಯದು. ಹಾಕುವುದಿಲ್ಲ ಅನ್ನುವುದು ನನ್ನ ಊಹೆ. ಗ್ಯಾರಂಟಿ ಕಾಗದ ಕೊಟ್ಟರೆ ಯಾವುದಕ್ಕೆ ಅನ್ವಯಿಸುವುದಿಲ್ಲ ಅನ್ನುವ ಸಣ್ಣ ಅಕ್ಷರದ ಭಾಗವನ್ನೇ ಮೊದಲು ಓದಿ.

ಜೋಕಾಲಿ ಬೇಡ. ತೂಗುವ ಭಾರ, ಎಳೆತ, ಜರ್ಕು ಎಲ್ಲ ಬೀಳುವ ಜಾಗ ಅದು, ಈ ಮರ ಬಾಗುವುದರ ಬದಲು ತಟ್ಟನೆ ಮುರಿಯುತ್ತದೆ. ಕೂರುವ ಹಲಗೆಗೆ ಹೊನ್ನೆ ಅಥವಾ ಹಲಸು ಹಾಕಿಸಿ, ಸರಪಳಿಯನ್ನು ಉಕ್ಕಿನ ತೊಲೆಗೆ ತೂಗುಹಾಕಿ. ಮಿಕ್ಕ ಥರ್ಮೋವುಡ್ ತುಂಡುಗಳಲ್ಲಿ ಹೂಕುಂಡದ ಸ್ಟ್ಯಾಂಡೋ, ಕಿಟಕಿ ಪಕ್ಕದ ಶೆಲ್ಫೋ ಆಗುತ್ತದೆ. ಅದಕ್ಕೂ ಬಾರದ ಚೂರುಗಳನ್ನು ಬಚ್ಚಲೊಲೆಗೆ ಹಾಕಬಹುದು, ಮಾಮೂಲಿ ಸೌದೆಯ ಹಾಗೆಯೇ ಉರಿಯುತ್ತದೆ. ಎಣ್ಣೆ ಅಥವಾ ಸೀಲರ್ ಬಳಿದ ತುಂಡು ಮಾತ್ರ ಒಲೆಗೆ ಬೇಡ.